ಎಫ್ ಬಟನ್

ಯಾದಗಿರಿ ಕೋರ್ಟಿನೆದುರು, ಬೇವಿನ ಗಿಡದ ಬುಡಕ್ಕ
ನನ್ನ ತಗಡಿನ ಅಂಗಡಿ. ಟೈಪಿಂಗ್, ಝರಾಕ್ಸ್, ಬಾಂಡ್ ಪೇಪರ್.
ಕೀಬೋರ್ಡು ಹನ್ನೊಂದು ವರ್ಷದ್ದು, ಇಟ್ಟಂಗಿಯಂಥ ತೂಕ.
ಅದರೊಳಗ ಎಫ್ ಬಟನ್ ಸತ್ತದ.

ಸತ್ತದ ಅಂದ್ರ ಪೂರಾ ಸತ್ತಿಲ್ಲ.
ಮುಂಜಾನಿ ತಂಪಿನ್ಯಾಗ ಒಂದೆರಡು ಸಲ ಮಾತು ಕೇಳ್ತದ,
ಬಿಸಿಲೇರಿತಂದ್ರ ಮುನಿಸಿಕೊಂಡ ಬೀಗರಂಗ
ಎಷ್ಟು ಒತ್ತಿದರೂ ಸುಮ್ಮ.

ಸಲಹಾ ಕೊಡ್ಲಿಕ್ಕೆ ಮಂದಿಗೇನು ಬರ ಇಲ್ಲ.
ವಕೀಲರ ಗುಮಾಸ್ತ ಚನ್ನಬಸು: 'ಬಂದ್ ಮಾಡಿ ಚಾಲೂ ಮಾಡ್ರಿ.'
ಪಿಂಚಣಿ ಅರ್ಜಿಗೆ ಬಂದ ಮಾಸ್ತರರು:
'ನಮ್ಮ ಕಾಲದ ಮಷಿನ್ನಿಗೆ ಎರಡು ಹನಿ ಎಣ್ಣಿ ಬಿಟ್ರ ಮುಗೀತಿತ್ತು.'
ಚಾ ತರೋ ಹುಡುಗ: 'ಫೋನಿಗೆ ಬಾಯಿಲೆ ಹೇಳ್ರಿ ಅಕ್ಕಾ,
ತಾನೇ ಬರಕೊಳ್ತದ.'
'ವಾಟಣಿ' ಅಂದೆ. 'ಚಟ್ನಿ' ಅಂತ ಬರಕೊಂತು.

ಮೌಲಾಲಿ ರಿಪೇರಿಯವ ಕೀಬೋರ್ಡು ಬೋರಲು ಹಾಕಿ ಬಡಿದ:
ಬಿದ್ದವು ಚುರುಮುರಿ, ಸ್ಟೇಪ್ಲರ್ ಪಿನ್ನು, ಒಂದು ಸತ್ತ ಇರುವಿ.
'ನಯಾ ಲೇಲೋ ಆಪಾ. ನಾಲ್ಕು ನೂರಕ್ಕ ಬರ್ತದ.'
ನಾನೂ ಜಿಪುಣಿ. ಹಳೇ ಕಾಗದದಿಂದ 'ಪ್ಪ', 'ಮ್ಮ'
ಕಾಪಿ ಮಾಡಿ ಅಂಟಿಸಿ ನಾಲ್ಕು ದಿನ ದೂಡಿದೆ.

ಇಂಗ್ಲಿಷಿನವರಿಗೆ ಎಫ್ ಅಂದ್ರ ಒಂದು ಅಕ್ಷರ.
ಕನ್ನಡ ಬಡಿಯೋರಿಗೆ ಅದು ಒತ್ತು.
ಅದಿಲ್ಲಂದ್ರ ಅಪ್ಪ ಅಪಪ ಆಗ್ತಾನ, ಅವ್ವ ಅವವ,
ಅಣ್ಣ, ಅಕ್ಕ, ತಮ್ಮ, ಅಜ್ಜ,
ಮನಿಮಂದಿಯೆಲ್ಲ ಕೈ ಬಿಟ್ಟು ದೂರದೂರ ನಿಂತಂಗ.
ಹೊಲಕ್ಕ ಮಾತ್ರ ಏನೂ ಆಗೂದಿಲ್ಲ.
ಹೊಲ, ಮನಿ, ಪಾಲು, ಎಕರೆ, ಗುಂಟೆ, ರೂಪಾಯಿ
ಸಳಸಳ ಬರ್ತಾವ, ಯಾರ ಹಂಗೂ ಇಲ್ಲದ.
'ಹೌದು' ಬರ್ತದ. 'ಇಲ್ಲ' ಬರೂದಿಲ್ಲ.
'ಒಲ್ಲೆ' ಅಂತೂ ಕೇಳಬ್ಯಾಡ್ರಿ.

ಇದು ಹೊಳದದ್ದು ಭೀಮವ್ವನ ಕಾಗದದ ದಿನ.
ವಡಗೇರಾ ಕಡಿಯಾಕಿ. ಇಬ್ಬರು ಅಣ್ಣಂದಿರ ನಡುವ
ಬೆಂಚಿನ ಮ್ಯಾಲ ಕುಂತು ಸೆರಗಿನ ತುದಿ
ಬೆರಳಿಗೆ ಸುತ್ತೂದು, ಬಿಚ್ಚೂದು.
ಹಕ್ಕು ಬಿಡುಗಡಿ ಪತ್ರ.
'ರಾಜಿಖುಷಿಯಿಂದ ಅಂತ ಹಾಕ್ರಿ,' ಅಂದ ದೊಡ್ಡಾವ.
ಎಲ್ಲೂ ತಡವರಿಸದ ಬಂತು ರಾಜಿಖುಷಿ.
ಆದರ 'ವ್ವ'? ಪ್ಪ ಇತ್ತು, ಮ್ಮ ಇತ್ತು,
ಆ ಗಡಿಬಿಡಿಯೊಳಗ 'ವ್ವ' ಸಿಗಲಿಲ್ಲ.
'ನಾಲ್ಕಕ್ಕ ಟೋಕನ್ ಅದ, ಹಂಗೇ ತೆಗೀರಿ.'
ತೆಗದೆ.

ರಿಜಿಸ್ಟ್ರಾರ್ ಆಫೀಸಿನ ಹುಡುಗಿ ಕನ್ನಡಕ ಏರಿಸಿದಳಂತ:
'ಭೀಮವವ ಅಂದ್ರ ಯಾರ್ರೀ? ಆಧಾರದಾಗ ಭೀಮವ್ವ ಅದ.'
ವಾಪಸ್.

ಅಂಗಡಿಗೆ ಬಂದಾಗ ಅಣ್ಣಂದಿರು ಹೊರಗ ಬೀಡಿ ಹಚ್ಚಿದರು,
ಭೀಮವ್ವ ಹಾಳಿ ಇಸ್ಕೊಂಡಳು.
ಆಕಿಗೆ ಓದ್ಲಿಕ್ಕೆ ಬರ್ತದ, ಅವರಿಗೆ ನೆನಪಿರಲಿಲ್ಲ ಕಾಣಸ್ತದ.
ತನ್ನ ಹೆಸರಿನ ಮ್ಯಾಲ ಬೆರಳಿಟ್ಟು, ಭೀ, ಮ, ವ, ವ.
ಬೆರಳು ಕೆಳಗಿಳೀತು, ಒಂದೂ ತಪ್ಪಿಲ್ಲದ ಸಾಲಿಗೆ ಬಂದು ನಿಂತಿತು.
'ಮೂರು ಎಕರೆ ಏನ್ರೀ ಅಕ್ಕಾ?
ನನಗ ಒಂದೇ ಅಂದಿದ್ದರು.'

ನಾ ಬೇಕಂತ ಮಾಡಿದ್ದಲ್ಲ. ಬಟನ್ ಕೆಟ್ಟಿತ್ತು, ಅಷ್ಟೇ.

ಮರುದಿನ ಮೌಲಾಲಿ ಹೊಸಾದು ತಂದು ಚುಚ್ಚಿದ.
ಹಗುರ ಪ್ಲಾಸ್ಟಿಕ್ಕು, ಒತ್ತಿದರ ಸಪ್ಪಳಿಲ್ಲ,
ಕಳ್ಳರು ನಡದಂಗ. ನನಗೇನು ಸೇರಿಲ್ಲ.
ಹಳೇ ಎಫ್ ಕಿತ್ತಿ ಸ್ಟಾಂಪ್ ಪ್ಯಾಡಿನ ಡಬ್ಬಿಯೊಳಗ ಇಟ್ಟೀನಿ.
ಬೆರಳಿಗೆ ಗುರುತು ಸಿಗಲೆಂತ ಅದರ ಮ್ಯಾಲೊಂದು ಗೀಟಿತ್ತು,
ಪೂರಾ ಸವದದ.

ನಿನ್ನೆ ದೊಡ್ಡಾವ ವಾಟ್ಸಾಪ್ ಮಾಡಿದ:
ಬಟನ್ ರಿಪೇರಿ ಆತೇನ್ರಿ? ಕಾಗದ ಯಾವಾಗ?
ಕಂಪ್ಯೂಟರಿನಿಂದಲೇ ಒತ್ತಿದೆ ಉತ್ತರ:
'ಇನ್ನೂ ಇಲ್ಲ.'

ಎರಡು ಒತ್ತು. ಎರಡೂ ತಪ್ಪಿಲ್ಲದ ಬಿದ್ದಾವ.
ಕಳಿಸಿದ ಮ್ಯಾಲ ನನಗೇ ಎದಿ ಧಸಕ್ಕಂತು.
ಎರಡು ನೀಲಿ ಗೀಟು ಮೂಡಿದವು. ಓದಿದಾನ.
ತಿಳೀತೋ ಇಲ್ಲೋ.