ಕೇಟಿಲ್‌ಗೆ, ಹತ್ತು ದಿನದ ಮಟ್ಟಿಗೆ

ಕೇಟಿಲ್, ಬೀಗ ಅನ್ನುವುದು ಇಲ್ಲಿಲ್ಲ.
ಬಡಗಣ ಗಾಳಿ ಎದ್ದರೆ ಕೊಟ್ಟಿಗೆಯ ಬಾಗಿಲು
ತಾನೇ ತೆರೆದುಕೊಳ್ಳುತ್ತದೆ, ಕಲ್ಲು ಒತ್ತಿಡು.
ಐಸ್‌ಲ್ಯಾಂಡಿನ ಮೇ ತಿಂಗಳಲ್ಲಿ ರಾತ್ರಿ ಹೆಸರಿಗಷ್ಟೇ,
ಹನ್ನೆರಡಕ್ಕೂ ಚೀಟಿ ಓದುವಷ್ಟು ಬೆಳಕಿರುತ್ತದೆ.
ಕಾಣಲಿಲ್ಲ ಅನ್ನುವ ನೆಪ ನಿನಗಿಲ್ಲ.

ಮೊದಲು ಹುಪ್ಪಾ.
ಐದನೆಯ ಕರು, ಇವತ್ತೋ ನಾಳೆಯೋ.
ಈದ ಮಾರನೆಯ ದಿನ ಅವಳ ಕಿವಿ ಮುಟ್ಟಿ ನೋಡು.
ಕಣ್ಣಲ್ಲ, ಕಿವಿ. ಸಂಕೋಚದ ಹಸು, ಕಣ್ಣಲ್ಲಿ ಏನೂ ತೋರಿಸುವುದಿಲ್ಲ.
ಕಿವಿ ತಣ್ಣಗಾಗಿ, ಕತ್ತು ಪಕ್ಕೆಗೆ ತಿರುಗಿಸಿ
ತನ್ನ ಹೊಟ್ಟೆಯ ಮಾತು ಕೇಳುವವಳಂತೆ ಕೂತಿದ್ದರೆ
ಅದು ನಿದ್ದೆಯಲ್ಲ, ಹಾಲುಜ್ವರ.
ಹೆಸರಿಗೆ ಜ್ವರ, ಮೈಯೆಲ್ಲ ತಂಪು.
ಯಾರಿಟ್ಟರೋ ಆ ಹೆಸರು, ಹಸು ಮುಟ್ಟಿದವರಲ್ಲ.

ಅಡ್ಡ ಮಲಗಲು ಬಿಡಬೇಡ. ಹುಲ್ಲಿನ ಎರಡು ಪೆಂಡಿ
ಭುಜಕ್ಕೆ ಒತ್ತುಕೊಟ್ಟು ಎದೆಯ ಮೇಲೆ ಕೂರಿಸು;
ಬಿದ್ದುಕೊಂಡರೆ ಹೊಟ್ಟೆ ಉಬ್ಬಿ ಉಸಿರು ಕಟ್ಟುತ್ತದೆ.
ಆಮೇಲೆ ಫೋನು. ಡಾಕ್ಟರು ಆಲ್ವ್‌ದೀಸ್ ಇರುವುದು ಬೆಟ್ಟದಾಚೆ,
ದಾರಿ ತೆರೆದಿದ್ದರೆ ಒಂದೂವರೆ ಗಂಟೆ.
ಅಷ್ಟರಲ್ಲಿ ಕ್ಯಾಲ್ಸಿಯಂ ಬಾಟಲಿಯನ್ನು ಬೆಚ್ಚನೆಯ ನೀರಲ್ಲಿಡು.
ಅವಳು ಹೇಳಿದಷ್ಟು, ಹೇಳಿದ ಕಡೆ, ಚರ್ಮದಡಿಗೆ
ಹಂಚಿ ಕೊಟ್ಟು ಅಂಗೈಯಿಂದ ತೀಡು.
ನರದ ತಂಟೆಗೆ ಹೋಗಬೇಡ, ಅದು ಅವಳ ಕೆಲಸ;
ಅವಸರದಲ್ಲಿ ಹರಿದ ಮದ್ದು ಎದೆಬಡಿತವನ್ನೇ ನಿಲ್ಲಿಸುತ್ತದೆ.

ಗುಣವಾಗುವ ಹಸು ಹೇಗೆ ಗೊತ್ತೆ?
ಮೊದಲು ತೊಡೆ ನಡುಗುತ್ತದೆ, ಒಣಗಿದ ಮೂಗಿನ ಮೇಲೆ ಬೆವರ ಹನಿ,
ಆಮೇಲೊಂದು ದೊಡ್ಡ ತೇಗು. ಆಮೇಲೆ ಸೆಗಣಿ.
ಇಷ್ಟು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ
ಯಾರೂ ನನಗೆ ತಂದುಕೊಟ್ಟಿಲ್ಲ.

ಕರೆಯುವಾಗ ಮೊದಲ ನಾಲ್ಕು ಧಾರೆ ಕಪ್ಪು ಬಟ್ಟಲಿಗೆ.
ಮೊಸರಿನ ಚೂರು ಕಂಡರೆ, ಕೆಚ್ಚಲ ಒಂದು ಮೂಲೆ ಬಿಸಿಯಾಗಿದ್ದರೆ,
ಆ ಹಸುವಿನ ಸರದಿ ಕೊನೆಗೆ.
ಕಾಲಿಗೆ ಕೆಂಪು ಪಟ್ಟಿ ಕಟ್ಟಿದವಳ ಹಾಲು ಟ್ಯಾಂಕಿಗೆ ಬೇಡ,
ತಾರೀಖು ಸಮೇತ ಗೋಡೆಯ ಮೇಲೆ ಬರೆದಿದ್ದೇನೆ.
ಒಮ್ಮೆ ಮರೆತು ಇಡೀ ಟ್ಯಾಂಕನ್ನು ಚೆಲ್ಲಬೇಕಾಯಿತು.
ಗಂಡನಿಗೆ ಹೇಳಲು ಬಾಯಿ ಬರಲಿಲ್ಲ;
ಅಂಗಳದ ಕಾಲುವೆ ಬೆಳ್ಳಗೆ ಹರಿದು ತಾನೇ ಹೇಳಿತು.

ಕುರಿಗಳು ನೂರ ನಲವತ್ತು. ಎಣಿಸುತ್ತಾ ಕೂರಬೇಡ,
ಮೇವು ಹಾಕಿದ ಕ್ಷಣ ಸಾಲು ನೋಡು:
ಯಾವಳು ಬರಲಿಲ್ಲವೋ ಅವಳೇ ನಿನ್ನ ಕೆಲಸ.
ಅವಳಿ ಹೊತ್ತವಳು ಮೇವಿಗೆ ಬೆನ್ನು ಹಾಕಿ
ಗೋಡೆ ನೋಡುತ್ತ ನಿಂತರೆ, ಉಸಿರು ಮೂಸು.
ಕೊಳೆತ ಸೇಬಿನ ವಾಸನೆ ಬಂದರೆ
ಒಳಗಿನ ಇಬ್ಬರು ತಾಯನ್ನೇ ಮೇಯುತ್ತಿದ್ದಾರೆ ಎಂದರ್ಥ.
ಸಿಹಿ ಮದ್ದು ನೀಲಿ ಡಬ್ಬಿಯಲ್ಲಿದೆ.
ಕುಡಿಸುವಾಗ ಮೂತಿ ಆಕಾಶಕ್ಕೆ ಎತ್ತಬೇಡ,
ಶ್ವಾಸಕ್ಕೆ ಇಳಿದರೆ ಮದ್ದೇ ಕೊಲ್ಲುತ್ತದೆ.
ಹುಟ್ಟಿದ ಮರಿ ಹಿಂಗಾಲು ಎಳೆದರೆ ಸೆಲೆನಿಯಂ ಸೂಜಿ.
ನಮ್ಮ ನೆಲ ಬೂದಿಯ ನೆಲ, ಹುಲ್ಲಿಗೆ ಎಲ್ಲವನ್ನೂ ಕೊಡುವುದಿಲ್ಲ.

ಪ್ಲಾಸ್ಟಿಕ್ಕು ಹರಿದ ಸುರುಳಿಯ ಮೇವನ್ನು ಹಾಕಲೇಬೇಡ.
ಹೋದ ವರ್ಷದ ಹಿಂದಿನ ವರ್ಷ, ಹಾಳಾಗುವುದೇಕೆಂದು,
ಬೂಸ್ಟು ಹಿಡಿದ ಪದರ ಕೆರೆದು ಉಳಿದದ್ದನ್ನು ಹಾಕಿದೆ.
ಮೂರು ವಾರ ಏನೂ ಇಲ್ಲ.
ಆಮೇಲೆ ಗೋಲ್ಸಾ ಸುತ್ತತೊಡಗಿದಳು.
ಬಲಕ್ಕೆ, ಬಲಕ್ಕೆ, ಗಾಣಕ್ಕೆ ಕಟ್ಟಿದ ಹಾಗೆ,
ಒಂದು ಕಿವಿ ಜೋತು, ಬಾಯಂಚಿನಲ್ಲಿ ಜೊಲ್ಲು.
ಮಂಕು ಕವಿದಿದೆ, ಸರಿಹೋದಾಳು ಅಂದುಕೊಂಡೆ ಅರ್ಧ ದಿನ.
ಫೋನು ಮಾಡಿದ್ದು ಸಂಜೆ.
ಆ ಅರ್ಧ ದಿನ ಇನ್ನೂ ನನ್ನ ಹತ್ತಿರವೇ ಇದೆ.
ಅದಕ್ಕೇ ಹೇಳುತ್ತಿರುವುದು: ಅನುಮಾನ ಬಂದರೆ
ಅವಳನ್ನು ನಿದ್ದೆಯಿಂದ ಎಬ್ಬಿಸು, ಬೈಗುಳ ನನ್ನ ಲೆಕ್ಕಕ್ಕೆ.

ನನ್ನ ಮಂಡಿಯ ವಿಚಾರ ಕೇಳಬೇಡ.
ಅಕುರೇರಿಯ ಆಸ್ಪತ್ರೆಯಲ್ಲಿ ಹೆಸರು ಬರೆದ ಪಟ್ಟಿಯೊಂದನ್ನು
ಕೈಗೆ ಕಟ್ಟುತ್ತಾರಂತೆ. ಬಣ್ಣ ಯಾವುದೋ.
ಎಲ್ಲಿ ನೋವು ಎಂದು ಕೇಳಿದರೆ ನಾನೂ
ಹುಪ್ಪಾಳ ಹಾಗೆ ಏನಿಲ್ಲ ಅಂದುಬಿಡುತ್ತೇನೆ;
ಕಿವಿ ಮುಟ್ಟಿ ನೋಡುವವರು ಅಲ್ಲಿ ಇದ್ದಾರೋ ಇಲ್ಲವೋ.

ಮರೆತಿದ್ದೆ: ಮೂಲೆಯ ಕಂದು ಹಸು
ಎಡಗಾಲಲ್ಲಿ ಒದೆಯುತ್ತದೆ.
ಗೊರಸು, ಮೊಲೆ, ಕೀಲು, ಎಲ್ಲ ನೋಡಿಯಾಗಿದೆ.
ಕಾಯಿಲೆ ಏನಿಲ್ಲ, ಸ್ವಭಾವ.
ಅದಕ್ಕೆ ಮದ್ದು ಹುಡುಕಬೇಡ. ಬಲಗಡೆಯಿಂದ ಹೋಗು.

— ಸ್ಟೇನುನ್