ಮಂಗಳವಾರದ ಲೆನ್ಸ್

ಸೊಲ್ಲಾಪುರದ ಮಂಗಳವಾರ ಬಾಜಾರದಾಗ
ತಾಡಪತ್ರಿ ಹಾಸಿ ಕೂತಿದ್ದ ಲತೀಫ ಚಾಚಾ.
ಕುಕ್ಕರಿನ ಸೀಟಿ, ಮುಳ್ಳಿಲ್ಲದ ಗಡಿಯಾರ,
ಒಂಟಿ ಕಾಲಿನ ಚಾಳೀಸು, ಇವುಗಳ ನಡಕ
ಕರೇದೊಂದು ಕೊಳವಿ ಅಡ್ಡ ಮಲಗಿತ್ತು:
ಎಂಬತ್ತರಿಂದ ಇನ್ನೂರರ ತನಕ, ಜಪಾನಿನದು,
ನನ್ನ ಮದುವಿಗಿಂತ ಹಳೇದು.

"ಎರಡೂವರಿ ಸಾವಿರ" ಅಂದ.
ನಾ ಕಿಸೆ ಮುಟ್ಟಲಿಲ್ಲ.
ಅದರಾಗ ಎಷ್ಟದ ಅನ್ನೂದು ಮುಟ್ಟದೇನ ಗೊತ್ತಿತ್ತು.

ಮದುವಿ ವಿಡಿಯೋ ತಗಿಯೂ ಶ್ರೀಶೈಲ ಮೊದಲ ಹೇಳಿಕೊಟ್ಟಿದ್ದ:
ಹಿಂದಿಂದ ಬ್ಯಾಟರಿ ಬಿಟ್ಟು ಮುಂದಿಂದ ನೋಡು,
ಜೇಡರ ಬಲಿ ಕಂಡ್ರ ಅದು ಬೂಷ್ಟು.
ಅಲ್ಲಾಡಿಸು, ಹಲ್ಲು ಸಡ್ಲಾದ ಮುದುಕನಂಗ ಮಾತಾಡಿದ್ರ ಬ್ಯಾಡ.
ಬ್ಲೇಡು ಚಟ್ಟನ ಮುಚ್ಚಬೇಕು, ಎಣ್ಣಿ ಇರಬಾರದು.
ಎಣ್ಣಿ ಇರಬಾರದಂತ! ನಗು ಬಂತು ನನಗ.
ಇಪ್ಪತ್ತೆರಡು ವರ್ಷ ಪವರ್‌ಲೂಮಿಗೆ ಎಣ್ಣಿ ಬಿಟ್ಟ ಕೈ ಇದು.
ಒಂದು ಯಂತ್ರಕ್ಕ ಊಟ, ಇನ್ನೊಂದಕ್ಕ ರೋಗ.

ಬ್ಲೇಡು ಸ್ವಚ್ಛ. ಸದ್ದಿಲ್ಲ.
ಆದ್ರ ಒಳಗಿನ ಗಾಜಿನ ಅಂಚಿಗೆ
ಕೂಸಿನ ರೆಪ್ಪಿಕೂದಲಿನಂಥ ಒಂದ ಎಳಿ ಬೂಷ್ಟು.
ತೋರಿಸಿದೆ. ಚಾಚಾ ಕಣ್ಣು ಕಿರಿದು ಮಾಡಿ ನೋಡಿ
"ನಾಕನೂರು ಬಿಟ್ಟೆ" ಅಂದ.
ಇನ್ನೊಂದು ಮುನ್ನೂರಕ್ಕ ನಾ ಒಂದು ಸೆಕೆಂಡ್ಸ್ ಚಾದರ ಕೊಟ್ಟೆ,
ಅಂಚಿನ್ಯಾಗ ನೂಲು ತಪ್ಪಿ ಹೂವು ಅರ್ಧಕ್ಕ ನಿಂತದ್ದು.
ತಪ್ಪಿಗೆ ತಪ್ಪು ಸರಿಹೋತು.

"ಇದು ಕುಟ್ಟೂದೋ, ಬೀಸೂದೋ?" ಕಸ್ತೂರಿ ಕೇಳಿದ್ಲು.
ಆಚಿ ಓಣಿಯ ಮಾಳಗಿ ಮ್ಯಾಲ ಒಣಹಾಕಿದ ಹಪ್ಪಳ
ಒಂದೊಂದ ಎಣಿಸಿ ಹೇಳಿದೆ.
"ಊರಾಗ ಇದನ್ನ ಎತ್ತಬ್ಯಾಡ, ಹೊಡತ ತಿಂತೀ" ಅಂದ್ಲು.

ನನ್ನ ಕ್ಯಾಮರಾ ಇದರ ಕೂಡ ಮಾತಾಡೂದಿಲ್ಲ.
ಬೆಳಕು ನಾನ ಅಳೀಬೇಕು, ಫೋಕಸ್ ನಾನ ತಿರುವಬೇಕು.
ಕೆಳಗ ಮುಖ ಮಾಡಿದ್ರ ಜೂಮು ತಾನ ಜಾರ್ತದ,
ಸೈಕಲ್ ಟ್ಯೂಬು ಕತ್ತರಿಸಿ ಉಂಗುರ ಹಾಕೀನಿ.
ಪೂರಾ ತೆರದ್ರ ಎಲ್ಲಾ ಹಾಲಿನ್ಯಾಗ ಅದ್ದಿಧಂಗ.
ಎಂಟಕ್ಕ ಇಳಿಸಿದ್ರ ಗರಿ ಗರಿ ಬ್ಯಾರೆ ಕಾಣ್ತಾವ,
ಎಂಟಕ್ಕ ಇಳಿಸಾಕ ಬಿಸಿಲು ಬೇಕು,
ಬಿಸಿಲು ಏರಿದ್ರ ಕೆರಿ ಮ್ಯಾಲಿನ ಗಾಳಿನ ಕುದಿತದ.
ಹಿಂಗಾಗಿ ನನ್ನ ಪಾಲಿಗೆ ದಿನಕ್ಕ ಒಂದ ತಾಸು,
ಅದೂ ಮಂಜು ಇರದಿದ್ರ.

ರಾತ್ರಿ ಪಾಳಿ ಮುಗಿಸಿ, ಕಿವಿಯಾಗ ಇನ್ನೂ ಮಗ್ಗ ಬಡೀತಿರಬೇಕಾದ್ರ
ಹಿಪ್ಪರಗಾ ಕೆರಿಗೆ ಸೈಕಲ್ ತುಳಿತೀನಿ.
ಇನ್ನೂರು ಸಾಲೂದಿಲ್ಲ.
ಉಳಿದದ್ದನ್ನ ಕೆಸರಿನ್ಯಾಗ ತೆವಳಬೇಕು.
ನಮ್ಮಂಥವರ ಜೂಮು ಅಂದ್ರ ಮೊಣಕೈ.

ಸಂಕ್ರಾಂತಿ ಆದ ಮರುವಾರ, ರಾಜಹಂಸ ಬಂದಿದ್ದವು.
ಕಣ್ಣು ಇಟ್ಟೆ.
ಹಕ್ಕಿ, ಹಕ್ಕಿ ಹಿಂದಿನ ಜಾಲಿ, ಜಾಲಿ ಆಚೆ ಹೈವೇದ ಲಾರಿ,
ಎಷ್ಟೋ ದೂರದಾಗ ಅಪ್ಪ ದುಡಿದ ಗಿರಣಿಯ ಚಿಮಣಿ,
ಎಲ್ಲಾ ಒಂದಕ್ಕೊಂದು ಒತ್ತಿ ಕೂತಿದ್ದವು.
ದೂರದ್ದು ಹಾಸು, ಹತ್ತಿರದ್ದು ಹೊಕ್ಕು,
ಬಡಿದು ಬಡಿದು ಒಂದ ಚಾದರ.
ಹೊಗಿ ಬಿಟ್ಟ ಚಿಮಣಿಗೆ ಬೆನ್ನು ಆನಿಸಿ
ಒಂದು ಹಕ್ಕಿ ಒಂಟಿಗಾಲಿಲೆ ನಿಂತಿತ್ತು.
ಉಸಿರು ಹಿಡಿದು ಒಂದ ಸಲ ಒತ್ತಿದೆ.

ಮುಂದಿನ ಮಂಗಳವಾರ ಫೋಟೋ ಒಯ್ದು ತೋರಿಸಿದೆ.
ಚಾಚಾ ಹಕ್ಕಿ ನೋಡಲಿಲ್ಲ. ಚಿಮಣಿ ನೋಡಲಿಲ್ಲ.
ಮ್ಯಾಲ ಎಡಕ್ಕ, ಬಿಸಿಲು ತಾಗಿ ಮಬ್ಬಾದಲ್ಲಿ
ಉಗುರು ಇಟ್ಟು
"ಇದು ನಾ ಬಿಟ್ಟ ನಾಕನೂರು" ಅಂದ.

ಥಂಡಿ ಇತ್ತು. ನನ್ನ ಚಾದರ ಹೊದ್ದು ಕೂತಿದ್ದ,
ಅರ್ಧ ಹೂವು ಹೆಗಲ ಮ್ಯಾಲ ಬರೂಹಂಗ.