ಹೂಂಗುಟ್ಟುವ ಕೆಲಸ

ನನ್ನ ಕೆಲಸ ಬೇಡದ ಸದ್ದು ಹಿಡಿಯುವುದು.
ಕರೂ ಬಯಲು. ಕುರುಚಲು, ಕೆಂಪು ಕಲ್ಲು,
ಎತ್ತ ನೋಡಿದರೂ ಮೋರೆ ಮೇಲೆತ್ತಿ ನಿಂತ
ಬಿಳಿ ಬೋಗುಣಿಗಳು.
ಅವಕ್ಕೆ ಅಡ್ಡಿಯಾಗಬಾರದೆಂದು
ಇಲ್ಲಿ ಮೊಬೈಲಿಲ್ಲ, ಪೆಟ್ರೋಲ್ ಬಂಡಿಯಿಲ್ಲ
(ಅದರ ಕಿಡಿಯೂ ಮಾತಾಡುತ್ತದೆ).
ನರಿಗೆಂದು ಹಾಕಿದ್ದ ಕರೆಂಟಿನ ಬೇಲಿಯನ್ನು
ಆರಿಸುತ್ತ ಫ್ಲಿಪ್ ಬೆಸೋನ್ ಬೈದ:
'ಯಾರೋ ಇಲ್ಲದವರಿಗಾಗಿ ನನ್ನ ಕುರಿ ನರಿಪಾಲು.'

ಇಲ್ಲ ಅನ್ನುವುದಕ್ಕೂ, ಮುದುಕಪ್ಪಾ,
ಮೊದಲು ಕಿವಿಗೊಡಬೇಕಲ್ಲ, ಅಂದೆ.
ಅವನು ಉಗುಳಿದ.
ಉಗುಳಿ, ಮೇಲೆ ನೋಡಿದ.
ನೋಡಿದ್ದನ್ನು ನಾನು ನೋಡಿದೆ.

ನನ್ನಜ್ಜಿ ಕತ್ತಲಲ್ಲಿ ಕತೆ ಹೇಳುತ್ತಿದ್ದಳು.
ಹೂಂ ಅನ್ನದಿದ್ದರೆ ನಿದ್ದೆ ಬಂತೆಂದು ನಿಲ್ಲಿಸಿಬಿಡುತ್ತಿದ್ದಳು,
ರಾಕ್ಷಸನ ಕಾಲು ಹೊಸ್ತಿಲ ಮೇಲಿದ್ದರೂ ಸರಿ.
ಈಗ ನಮ್ಮದು ಅದೇ ಉದ್ಯೋಗ:
ಕತೆ ನಡೆಯುತ್ತಿದೆಯೋ ಇಲ್ಲವೋ ಗೊತ್ತಿಲ್ಲದೆ
ಹೂಂಗುಟ್ಟುವುದು.
ಸಂಬಳ ತಿಂಗಳ ಇಪ್ಪತ್ತೈದಕ್ಕೆ.

ಜುಲೈ. ನೀರಿನ ತೊಟ್ಟಿ ಹೆಪ್ಪುಗಟ್ಟಿದ ರಾತ್ರಿ.
ಮೂರು ಗಂಟೆ ಹತ್ತಕ್ಕೆ ಪರದೆಯಲ್ಲೊಂದು ಗೆರೆ.
ನಾಲ್ಕು ನಿಮಿಷ ಬಿಟ್ಟು ಇನ್ನೊಂದು.
ಮತ್ತೆ ನಾಲ್ಕು. ಮತ್ತೆ.
ಚಹಾಕ್ಕೆ ಸಕ್ಕರೆ ಹಾಕುತ್ತಿದ್ದ ಅಪ್ಪೋಲಿಸ್
ಐದನೆಯ ಚಮಚವನ್ನೂ ಹಾಕಿದ.

ಇಪ್ಪತ್ತು ನಿಮಿಷ.
ಆ ಇಪ್ಪತ್ತು ನಿಮಿಷ ಆ ಕೋಣೆಯಲ್ಲಿ
ಯಾರೂ ಯಾರಿಗೂ ಕೆಟ್ಟವರಾಗಿರಲಿಲ್ಲ.
ಬಾವಿಯ ಜಗಳಕ್ಕೆ ಆರು ವರ್ಷದಿಂದ
ತಮ್ಮನ ಜತೆ ಮಾತು ಬಿಟ್ಟ ಅಪ್ಪೋಲಿಸ್
ಮೇಜಿನ ಫೋನ್ ಕೈಗೆತ್ತಿಕೊಂಡ,
ನಂಬರು ಒತ್ತಲಿಲ್ಲ,
ಹಿಡಿದುಕೊಂಡೇ ಇದ್ದ.

ಆಮೇಲೆ ನಾನು ನನ್ನ ಕೆಲಸಕ್ಕೆ ಹೊರಟೆ.
ಡೀಸೆಲ್ ಬಂಡಿ, ತಲೆಯ ಮೇಲೆ ಕಡ್ಡಿ ಆಂಟೆನಾ,
ಗೆರೆ ದಪ್ಪಗಾದ ಕಡೆಗೆ ಸ್ಟಿಯರಿಂಗು.
ಎರಡು ಗೇಟು ತೆಗೆದೆ, ಎರಡು ಗೇಟು ಹಾಕಿದೆ.
ಕುರಿ ಉಣ್ಣೆ ಕತ್ತರಿಸುವವರ ಸಾಲುಮನೆ,
ಕೊನೆಯದರಲ್ಲಿ ಒಂದು ಕಿಟಕಿ ಎಚ್ಚರವಿತ್ತು.

ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆ,
ಪೆಟ್ಟಿಗೆಯಲ್ಲಿ ಶಾಖ ಕೊಡುವ ಹಳೆಯ ಹಾಸು,
ಹಾಸಿನ ಮೇಲೆ ತಾಯಿಯಿಲ್ಲದ ಕುರಿಮರಿ,
ಇನ್ನೂ ಒದ್ದೆ.
ಹಾಸು ತಾನೇ ಹತ್ತಿಕೊಳ್ಳುತ್ತಿತ್ತು, ತಾನೇ ಆರುತ್ತಿತ್ತು,
ನಾಲ್ಕು ನಿಮಿಷಕ್ಕೊಂದು ಕಿಡಿ.

ಪಕ್ಕದಲ್ಲಿ ಕೂತವಳು ಲವೋನಾ. ಒಂಬತ್ತು ವರ್ಷ ಇರಬೇಕು.
ಅಪ್ಪ ಗೊರಕೆ ಹೊಡೆಯುತ್ತಿದ್ದರಿಂದ ಪಿಸುಮಾತಲ್ಲೇ ವಿಚಾರಣೆ,
ನಾನು ಮಾಡಬೇಕಾದದ್ದು, ಅವಳು ಮಾಡಿದಳು.
'ಅವರು ಅಂದುಕೊಂಡಿರಾ?'
'ಹೂಂ.'
'ನಾನು ಅಂತ ಗೊತ್ತಾಗಿ ಬೇಜಾರಾಯಿತಾ?'

ಇದನ್ನು ಅಳೆಯುವ ಯಂತ್ರ ಬಂಡಿಯಲ್ಲಿರಲಿಲ್ಲ.
ಸ್ವಲ್ಪ ಆಯಿತು, ಅಂದೆ.
ಸುಳ್ಳು ಹೇಳಿದ್ದರೆ ಆ ಮರಿಗೂ ತಿಳಿಯುತ್ತಿತ್ತು.
ಅವಳು ಯೋಚಿಸಿದಳು, ಮರಿಯ ಕಿವಿ ಒರೆಸುತ್ತ.
'ನನಗೂ,' ಅಂದಳು.
'ದೂರದಿಂದ ನಿಮ್ಮ ದೀಪ ಬರ್ತಾ ಬರ್ತಾ ದೊಡ್ಡದಾಯಿತಲ್ಲ,
ನಾನೂ ಅವರೇ ಅಂದುಕೊಂಡೆ.
ಪೆಟ್ಟಿಗೆ ಮುಂದಕ್ಕೆ ಎಳೆದಿಟ್ಟೆ,
ತೋರಿಸೋಣ ಅಂತ.'

ನೀರು ಕಾಯಿಸಿ ಎರಡು ಬಾಟಲಿ ತುಂಬಿ
ಮರಿಯ ಎರಡು ಪಕ್ಕಕ್ಕೆ ಇಟ್ಟೆವು.
ಎರಡೆರಡು ಗಂಟೆಗೆ ಎದ್ದು ಬದಲಿಸುತ್ತೇನೆಂದು
ಅವಳು ಮಾತು ಕೊಟ್ಟಳು.
ಹಾಸನ್ನು ಕಿತ್ತುಕೊಂಡು ಬಂದೆ, ಕಾನೂನಿನಂತೆ.

ದಾಖಲೆ ಪುಸ್ತಕದಲ್ಲಿ ಬರೆದೆ: 'ಮೂಲ: ಜೀವ.'
ಬೆಳಿಗ್ಗೆ ಮೇಲಿನವರು ಹೊಡೆದುಹಾಕಿ ಬರೆದರು:
'ಶಾಖದ ಹಾಸು, ನಲವತ್ತು ವ್ಯಾಟ್.'
ಇರಲಿ. ಅದೂ ನಿಜವೇ.

ಈಗ ಪರದೆಯ ಆ ಜಾಗ ಕಪ್ಪು.
ಮೂರು ಹತ್ತಾದಾಗ, ಯಾಕೋ,
ಬಾಯೊಳಗೇ ಹೂಂ ಅಂದುಕೊಳ್ಳುತ್ತೇನೆ.
ಅಪ್ಪೋಲಿಸ್ ತಲೆಯೆತ್ತಿ ನೋಡುತ್ತಾನೆ, ಏನೂ ಕೇಳುವುದಿಲ್ಲ.
ಮರಿ ಬದುಕಿದೆಯೋ ಇಲ್ಲವೋ,
ತಿಳಿಯೋಣವೆಂದರೆ ಆ ಮನೆಗೆ ಫೋನಿಲ್ಲ.
ಶನಿವಾರ ಹೋಗಬೇಕು.